ಮೈ ದಣಿಸುವವರಿಗೆ ಮಸಾಜ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಬಳಿಗೆ ಬರುವವರು ಒಂದೇ ತೆರನವರಲ್ಲ. ಬೆಳಗಿನ ಜಾವ ಕೋಟೆ ಗುಡ್ಡ ಹತ್ತಿ ಇಳಿಯುವವರು, ಕಬಡ್ಡಿ ಹುಡುಗರು, ಗರಡಿಯ ಪೈಲ್ವಾನರು, ಸಿಂಧನೂರಿನ ಕಡೆ ಭತ್ತದ ನಾಟಿ ಮಾಡುವ ಹೆಣ್ಣುಮಕ್ಕಳು, ಇಡೀ ದಿನ ಬಗ್ಗಿ ಕುಳಿತು ಜೀನ್ಸ್ ಹೊಲಿಯುವವರು, ಎಲ್ಲರೂ ಬರುತ್ತಾರೆ. ಕೇಳುವ ಪ್ರಶ್ನೆಗಳು ಮಾತ್ರ ಬಹುಮಟ್ಟಿಗೆ ಅವೇ. ಎದುರು ಕುಳಿತು ಕೇಳಿದವು, ಫೋನಿನಲ್ಲಿ ಕೇಳಿದವು, ಬರೆದು ಕಳುಹಿಸಿದವು ಎಲ್ಲವನ್ನೂ ಕೇಳಿದವರ ಮಾತಿನಲ್ಲಿಯೇ ಇಲ್ಲಿ ಕೊಟ್ಟಿದ್ದೇನೆ. ಸುಲಭದವು ಮೊದಲು, ಹಳೆಯ ಆಟಗಾರರ ಪ್ರಶ್ನೆಗಳು ಕೊನೆಗೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ.

## ಮೊದಲು ತಿಳಿಯಬೇಕಾದದ್ದು

ಕ್ರೀಡಾ ಮಸಾಜ್ ಎಂದರೆ ಏನು? ನಮ್ಮ ವಸ್ತಾದರು ಗರಡಿಯಲ್ಲಿ ಮಾಡುತ್ತಿದ್ದ ಮಾಲೀಸಿಗೂ ಇದಕ್ಕೂ ಏನು ವ್ಯತ್ಯಾಸ?

ಕೈಯ ಕೆಲಸದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಉದ್ದಕ್ಕೆ ನೀವುವುದು, ಹಿಡಿದು ಹಿಸುಕುವುದು, ಒಂದೇ ಜಾಗದಲ್ಲಿ ಒತ್ತಿ ಉಜ್ಜುವುದು, ಅಂಗೈಯಿಂದ ತಟ್ಟುವುದು, ಇವಿಷ್ಟೇ ಮೂಲ. ಯುರೋಪಿನಲ್ಲಿ ಇವನ್ನು ವಿಂಗಡಿಸಿ ವೈದ್ಯಕೀಯದೊಳಕ್ಕೆ ತಂದ ಶ್ರೇಯ ಡಚ್ ವೈದ್ಯ ಯೋಹಾನ್ ಜಾರ್ಜ್ ಮೆಟ್ಸ್‌ಗರ್ (1838–1909) ಅವರಿಗೆ ಸಲ್ಲುತ್ತದೆ. ನಮ್ಮ ವಸ್ತಾದರಿಗೆ ಆ ಹೆಸರುಗಳು ಗೊತ್ತಿರಲಿಲ್ಲ, ಕೈಗೆ ಮಾತ್ರ ನಾಲ್ಕೂ ಗೊತ್ತಿದ್ದವು. ಯಾವ ಹುಡುಗ ಇವತ್ತು ಎಷ್ಟು ಬೈಠಕ್ ಹೊಡೆದಿದ್ದಾನೆ, ನಾಳೆ ಯಾರ ಜೊತೆ ಹಿಡಿಯುತ್ತಾನೆ ಎಂಬುದನ್ನು ನೋಡಿಯೇ ಅವರು ತೊಡೆಗೆ ಕೈ ಹಾಕುತ್ತಿದ್ದರು. ಕ್ರೀಡಾ ಮಸಾಜಿನ ಜೀವ ಇರುವುದೂ ಅಲ್ಲಿಯೇ. ನಿಮ್ಮ ಆಟ ಯಾವುದು, ಯಾವ ಸ್ನಾಯು ಎಷ್ಟು ದುಡಿದಿದೆ, ಮುಂದಿನ ಪಂದ್ಯ ಯಾವಾಗ ಎಂದು ಕೇಳಿಕೊಂಡು ಜಾಗ, ಒತ್ತಡ, ಹೊತ್ತು ಮೂರನ್ನೂ ನಿರ್ಧರಿಸಬೇಕು. ಇದರ ಜೊತೆಗೆ ಇಂದು ಸೇರಿರುವುದು ಅಂಗರಚನೆಯ ತಿಳಿವಳಿಕೆ, ಮತ್ತು ಯಾವುದನ್ನು ಮುಟ್ಟಬಾರದು ಎಂಬ ಎಚ್ಚರ.

ದೀಪಾವಳಿಯ ಎಣ್ಣೆಸ್ನಾನ ಮತ್ತು ಆಯುರ್ವೇದದ ಅಭ್ಯಂಗ ಇಡೀ ಮೈಗೆ, ನಿತ್ಯದ ಆರೋಗ್ಯಕ್ಕೆ. ಅವುಗಳ ಉದ್ದೇಶ ಬೇರೆ.

ನಿಜವಾಗಿ ಇದರಿಂದ ಏನು ಲಾಭ? ಸುತ್ತುಬಳಸಿ ಹೇಳಬೇಡಿ.

ಮೂರು ಲಾಭಗಳನ್ನು ಧೈರ್ಯವಾಗಿ ಹೇಳಬಲ್ಲೆ. ವ್ಯಾಯಾಮದ ನಂತರದ ಮೈಕೈ ನೋವು ಸ್ವಲ್ಪ ಕಡಿಮೆಯಾಗುತ್ತದೆ. ಬಿಗಿದ ಸಂದು, ಸ್ನಾಯುಗಳು ಸ್ವಲ್ಪ ಸಡಿಲವಾಗುತ್ತವೆ. ದಣಿವು ಇಳಿದಂತೆ ಅನಿಸಿ ಆ ರಾತ್ರಿ ಅನೇಕರಿಗೆ ಒಳ್ಳೆಯ ನಿದ್ರೆ ಬರುತ್ತದೆ.

ಬ್ರಿಟನ್ನಿನ ಶೆಫೀಲ್ಡಿನ ಸಂಶೋಧಕರು 29 ಅಧ್ಯಯನಗಳನ್ನು, ಅಂದರೆ 1012 ಜನರ ಮೇಲಿನ ಫಲಿತಾಂಶಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದರು. ಬಾಗುವ ಶಕ್ತಿ ಮತ್ತು ಮರುದಿನದ ನೋವು ಎರಡರಲ್ಲಿಯೂ ಸಣ್ಣದಾದರೂ ಖಚಿತವಾದ ಸುಧಾರಣೆ ಕಂಡಿತು. ಬಲ, ಜಿಗಿತ, ವೇಗ, ದಮ್ಮು ಇವುಗಳಲ್ಲಿ ಸುಧಾರಣೆಗೆ ಪುರಾವೆ ಸಿಗಲಿಲ್ಲ. ನೂರು ಮೀಟರ್ ಓಟದಲ್ಲಿ ನಿಮ್ಮ ಸಮಯವನ್ನು ಮಸಾಜ್ ಕಡಿಮೆ ಮಾಡುವುದಿಲ್ಲ. ನಾಳೆ ಮತ್ತೆ ಅಭ್ಯಾಸಕ್ಕೆ ಹೋಗುವಾಗ ಮೈ ಅಷ್ಟಾಗಿ ಮುನಿಸಿಕೊಂಡಿರುವುದಿಲ್ಲ, ಅಷ್ಟೇ. ವಾರಕ್ಕೆ ಐದಾರು ದಿನ ಮೈ ದಣಿಸುವವರಿಗೆ ಅದು ಸಣ್ಣ ಮಾತಲ್ಲ ಎಂಬುದು ನನ್ನ ಅನುಭವ.

ಓಡಿದ ಮೇಲೆ ಕಾಲಲ್ಲಿ ಸೇರುವ ಲ್ಯಾಕ್ಟಿಕ್ ಆಮ್ಲವನ್ನು ತಿಕ್ಕಿ ಹೊರಗೆ ಹಾಕಬಹುದಲ್ಲವೇ?

ಇಲ್ಲ. ಜೋರಾಗಿ ಓಡುವಾಗ ರಕ್ತದಲ್ಲಿ ಲ್ಯಾಕ್ಟೇಟ್ ಏರುವುದು ನಿಜ, ಆದರೆ ಓಟ ನಿಲ್ಲಿಸಿದ ಸುಮಾರು ಒಂದು ಗಂಟೆಯಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ. ದೇಹ ಅದನ್ನು ಉರುವಲಾಗಿ ಬಳಸಿಕೊಳ್ಳುತ್ತದೆ. ನಿಂತು ತಿಕ್ಕಿಸಿಕೊಳ್ಳುವುದಕ್ಕಿಂತ ನಿಧಾನವಾಗಿ ಹತ್ತು ನಿಮಿಷ ನಡೆದರೆ ಅದು ಬೇಗ ಇಳಿಯುತ್ತದೆ. ಮರುದಿನದ ನೋವಿಗೂ ಅದಕ್ಕೂ ಸಂಬಂಧವೇ ಇಲ್ಲ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 11 ಯುವಕರನ್ನು ಸುಸ್ತಾಗುವವರೆಗೆ ಸೈಕಲ್ ತುಳಿಸಿ, ಒಂದು ಕಾಲಿಗೆ ಮಾತ್ರ 10 ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಗಳಿಂದ ಸ್ನಾಯುವಿನ ಚೂರು ತೆಗೆದು ನೋಡಿದ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಲ್ಯಾಕ್ಟೇಟಿನಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ಮಸಾಜ್ ಮಾಡಿದ ಕಾಲಿನಲ್ಲಿ ಉರಿಯೂತದ ಸಂಕೇತಗಳು ತಗ್ಗಿದ್ದವು. ಹನ್ನೊಂದೇ ಜನರ ಪ್ರಯೋಗವಾದ್ದರಿಂದ ಅದನ್ನು ಹಿಗ್ಗಿಸಿ ಹೇಳಲಾರೆ, ಆದರೂ ಈ ಪ್ರಶ್ನೆಗೆ ಅದು ಒಳ್ಳೆಯ ಉತ್ತರ.

ಅಂಜನಾದ್ರಿ ಬೆಟ್ಟ ಹತ್ತುವಾಗ ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ತೊಡೆ ಮುಟ್ಟಲಾಗದಷ್ಟು ನೋವು. ಯಾಕೆ ಹೀಗೆ?

ಹತ್ತಿದ್ದರಿಂದ ಅಲ್ಲ, ಇಳಿದದ್ದರಿಂದ. ಅಂಜನಾದ್ರಿಗೆ 575 ಮೆಟ್ಟಿಲು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲೆತ್ತುತ್ತದೆ. ದಮ್ಮು ಹತ್ತುತ್ತದೆ, ಸ್ನಾಯುವಿಗೆ ಅಷ್ಟು ಪೆಟ್ಟಾಗುವುದಿಲ್ಲ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿದು, ಪ್ರತಿ ಮೆಟ್ಟಿಲಿನಲ್ಲಿಯೂ ಮೈಭಾರಕ್ಕೆ ಬ್ರೇಕ್ ಹಾಕಬೇಕು. ಇಳಿಜಾರಿನಲ್ಲಿ ಹೇರು ತುಂಬಿದ ಬಂಡಿಯನ್ನು ಎತ್ತುಗಳು ಎದೆಗೊಟ್ಟು ತಡೆಯುವುದನ್ನು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. ಹೀಗೆ ಹಿಗ್ಗುತ್ತಾ ಬಿಗಿಯುವ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದ ಸಣ್ಣ ಗಾಯಗಳಾಗುತ್ತವೆ. ಅವು ಮಾಯುವಾಗಿನ ಉರಿಯೂತವೇ ಆ ನೋವು. 24ರಿಂದ 72 ಗಂಟೆಗಳ ನಡುವೆ ಅದು ತುತ್ತತುದಿಗೆ ಹೋಗಿ, ವಾರದೊಳಗೆ ಇಳಿಯುತ್ತದೆ.

ಇಂಥ ನೋವಿಗೆ ಮಸಾಜ್ ಚೆನ್ನಾಗಿ ಹೊಂದುತ್ತದೆ. ಇಳಿದ ಸಂಜೆ ಅಥವಾ ಮರುದಿನ, ತೊಡೆಗೆ ಹತ್ತು ನಿಮಿಷ, ಮೀನಖಂಡಕ್ಕೆ ಐದು ನಿಮಿಷ ಹಗುರವಾಗಿ ನೀವಿಸಿಕೊಳ್ಳಿ. ಹನುಮಮಾಲೆ ಹಾಕಿ ಪ್ರತಿ ವರ್ಷ ಹೋಗುವವರು ಮೂರು ವಾರ ಮೊದಲಿನಿಂದ ಮನೆಯ ಮೆಟ್ಟಿಲನ್ನು ನಿಧಾನವಾಗಿ ಇಳಿಯುವ ಅಭ್ಯಾಸ ಮಾಡಿದರೆ ಇನ್ನೂ ಒಳ್ಳೆಯದು. ಒಮ್ಮೆ ಇಂಥ ಕೆಲಸ ಕಂಡ ಸ್ನಾಯು ಮುಂದಿನ ಸಲ ಅಷ್ಟು ನೋಯುವುದಿಲ್ಲ.

ನಾನು ಆಟಗಾರನಲ್ಲ. ಎಪಿಎಂಸಿಯಲ್ಲಿ ಚೀಲ ಹೊರುತ್ತೇನೆ. ಇದು ನನಗೂ ಬೇಕೇ?

ದಿನಕ್ಕೆ ನೂರಾರು ಚೀಲ ಹೊರುವ ಬೆನ್ನಿಗಿಂತ ಹೆಚ್ಚು ದುಡಿಯುವ ಬೆನ್ನು ಯಾವ ಮೈದಾನದಲ್ಲಿದೆ? ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಕೇಳುವವರು ತಮ್ಮ ನೋವನ್ನು ಮೊದಲೇ ಕಿರಿದು ಮಾಡಿಕೊಂಡು ಬಂದಿರುತ್ತಾರೆ. ಹಮಾಲರಿಗೆ ಕುತ್ತಿಗೆ, ಭುಜದ ಮೇಲ್ಭಾಗ ಮತ್ತು ಸೊಂಟ, ನಾಟಿ ಮಾಡುವವರಿಗೆ ಬೆನ್ನಿನ ಕೆಳಭಾಗ ಮತ್ತು ತೊಡೆಯ ಹಿಂಭಾಗ, ಹೊಲಿಗೆಯವರಿಗೆ ಕುತ್ತಿಗೆ ಮತ್ತು ಮುಂಗೈ. ಜಾಗ ಬೇರೆಯಾದರೂ ಲೆಕ್ಕ ಆಟಗಾರರದ್ದೇ. ಆಟಗಾರನಿಗೆ ಪಂದ್ಯ ಮುಗಿದ ಮೇಲೆ ವಿಶ್ರಾಂತಿ ಇರುತ್ತದೆ, ಹಂಗಾಮಿನಲ್ಲಿ ನಿಮಗೆ ಅದೂ ಇರುವುದಿಲ್ಲ. ಹಾಗಾಗಿ ಮನೆಯವರೇ ಮಾಡಬಹುದಾದ ಹತ್ತು ನಿಮಿಷದ ಮಸಾಜನ್ನು ಕಲಿತು ಹೋಗಿ ಎಂದು ನಾನು ಹೇಳುತ್ತೇನೆ. ಅದಕ್ಕೆ ಒಂದು ಭೇಟಿ ಸಾಕು.

## ಯಾವಾಗ, ಎಷ್ಟು, ಹೇಗೆ

ಯಾವ ಎಣ್ಣೆ ಒಳ್ಳೆಯದು? ಎಳ್ಳೆಣ್ಣೆಯೋ ಕುಸುಬೆ ಎಣ್ಣೆಯೋ?

ಮನೆಯಲ್ಲಿ ಇರುವುದು, ನಿಮ್ಮ ಚರ್ಮಕ್ಕೆ ಒಗ್ಗುವುದು. ಎಣ್ಣೆಯ ಕೆಲಸ ಕೈ ಜಾರುವಂತೆ ಮಾಡುವುದು. ಅದರ ಸತ್ವ ಚರ್ಮ ದಾಟಿ ಸ್ನಾಯುವಿನ ಆಳಕ್ಕೆ ಇಳಿಯುವುದಿಲ್ಲ. ಎಳ್ಳೆಣ್ಣೆ, ಕುಸುಬೆ, ಕೊಬ್ಬರಿ ಯಾವುದಾದರೂ ಸರಿ. ಸಾಸಿವೆ ಎಣ್ಣೆ ಕೆಲವರ ಚರ್ಮವನ್ನು ಕೆರಳಿಸುತ್ತದೆ, ಮೊದಲು ಮುಂಗೈಗೆ ಸ್ವಲ್ಪ ಹಚ್ಚಿ ನೋಡಿ. ಉರಿಯುವ ಮುಲಾಮುಗಳು ಚರ್ಮಕ್ಕೆ ಬಿಸಿ ಎನಿಸಿ ನೋವನ್ನು ಕೆಲಹೊತ್ತು ಮರೆಸುತ್ತವೆ, ಅಷ್ಟೇ. ಅವನ್ನು ಹಚ್ಚಿ ಮೇಲೆ ಬಿಸಿನೀರಿನ ಶಾಖ ಕೊಡಬೇಡಿ, ಚರ್ಮ ಸುಡುತ್ತದೆ. ನಮ್ಮ ಬೇಸಿಗೆಯಲ್ಲಿ, ಉಷ್ಣಾಂಶ 40 ದಾಟಿದ ದಿನ, ಮೈತುಂಬ ಎಣ್ಣೆ ಬಳಿದುಕೊಂಡು ಬಿಸಿಲಿನಲ್ಲಿ ಆಡಲು ಇಳಿಯುವುದೂ ಬೇಡ.

ನಾಳೆ ಪಂದ್ಯ ಇದೆ. ಇವತ್ತು ಗಟ್ಟಿಯಾಗಿ ತಿಕ್ಕಿಸಿಕೊಂಡರೆ ಮೈ ಹಗುರಾಗುತ್ತದೆಯೇ?

ದಯವಿಟ್ಟು ಬೇಡ. ಆಳವಾದ ಮಸಾಜ್ ಕೂಡ ಸ್ನಾಯುವಿಗೆ ಒಂದು ಕೆಲಸವೇ. ಅದರ ಮರುದಿನ ಮೈ ಮುಟ್ಟಿದರೆ ನೋಯುವುದು, ಕಾಲು ಸಡಿಲವಾಗಿ ಚುರುಕು ತಪ್ಪಿದಂತಾಗುವುದು ಸಾಮಾನ್ಯ. ಆಳವಾಗಿ ಮಾಡಿಸಿಕೊಳ್ಳುವುದಿದ್ದರೆ ಪಂದ್ಯಕ್ಕೆ ಮೂರು ದಿನ ಮೊದಲೇ ಮುಗಿಸಿ.

ಪಂದ್ಯದ ದಿನ ಹತ್ತು ಹದಿನೈದು ನಿಮಿಷ, ಎಣ್ಣೆಯಿಲ್ಲದೆ ಬಟ್ಟೆಯ ಮೇಲಿಂದಲೇ, ಬೇಗ ಬೇಗ ನೀವಿ ತಟ್ಟುವುದು ಸಾಕು. ಕಬಡ್ಡಿಯಲ್ಲಿ, ಕುಸ್ತಿಯಲ್ಲಿ ಮೈಗೆ ಎಣ್ಣೆ ಹಚ್ಚಿಕೊಂಡು ಇಳಿದರೆ ಹಿಡಿತ ಜಾರುತ್ತದೆ, ನಿಯಮವೂ ಒಪ್ಪುವುದಿಲ್ಲ. ಇಷ್ಟಾದರೂ ಅದು ವಾರ್ಮ್ ಅಪ್‌ಗೆ ಬದಲಿಯಲ್ಲ. ಬೆವರು ಬರುವಂತೆ ಓಡಿ, ಆಮೇಲೆಯೇ ಮೈದಾನಕ್ಕೆ ಇಳಿಯಬೇಕು. ಪಂದ್ಯ ಮುಗಿದ ಮೇಲೆ ಮೊದಲು ನೀರು, ನೆರಳು, ಊಟ. ನಂತರ ಹಗುರವಾದ ಮಸಾಜ್.

ಕಣ್ಣಲ್ಲಿ ನೀರು ಬರುವಷ್ಟು ನೋಯದಿದ್ದರೆ ಅದು ಮಸಾಜ್ ಅಲ್ಲ ಎನ್ನುತ್ತಾರೆ. ನಿಜವೇ?

ಸುಳ್ಳು, ಮತ್ತು ಇದರಿಂದ ಹಾನಿಯಾದವರನ್ನು ನಾನು ಕಂಡಿದ್ದೇನೆ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದು ಎಂದು ಎಣಿಸಿಕೊಂಡರೆ ಆರು ದಾಟಬಾರದು. ‘ನೋಯುತ್ತಿದೆ, ಆದರೆ ಹಿತವಾಗಿದೆ’ ಎನಿಸುವ ಮಟ್ಟ ಅದು. ಅದಕ್ಕಿಂತ ಮೇಲೆ ಹೋದರೆ ನಿಮಗೆ ತಿಳಿಯದಂತೆ ಉಸಿರು ಬಿಗಿಹಿಡಿಯುತ್ತೀರಿ, ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಸೆಟೆದುಕೊಳ್ಳುತ್ತದೆ. ಸಡಿಲಿಸಲು ಹೋದ ಕೈ ಬಿಗಿಸಿದಂತಾಗುತ್ತದೆ. ಮೈಮೇಲೆ ನೀಲಿ ಕಲೆ ಎದ್ದರೆ ಅದು ಒಳ್ಳೆಯ ಕೆಲಸದ ಗುರುತಲ್ಲ, ಸಣ್ಣ ರಕ್ತನಾಳಗಳು ಒಡೆದ ಗುರುತು. ಚುರುಕ್ಕೆಂದರೆ, ಜೋಮು ಹಿಡಿದರೆ, ಕಾಲಿನುದ್ದಕ್ಕೂ ಮಿಂಚು ಹರಿದಂತಾದರೆ ಕೂಡಲೇ ನಿಲ್ಲಿಸಲು ಹೇಳಿ. ನಿಲ್ಲಿಸದವರ ಬಳಿಗೆ ಮತ್ತೆ ಹೋಗಬೇಡಿ.

ವಾರಕ್ಕೆ ಎಷ್ಟು ಸಲ ಮಾಡಿಸಿಕೊಳ್ಳಬೇಕು?

ದಿನಾ ಎರಡು ಹೊತ್ತು ಅಭ್ಯಾಸ ಮಾಡುವವರಿಗೆ ವಾರಕ್ಕೊಮ್ಮೆ. ವಾರಕ್ಕೆ ಮೂರು ನಾಲ್ಕು ದಿನ ಓಡುವ, ಆಡುವ ಉಳಿದವರಿಗೆ ತಿಂಗಳಿಗೊಮ್ಮೆ ಸಾಕು, ಅದೂ ಅಭ್ಯಾಸ ಹೆಚ್ಚಿಸಿದ ವಾರದಲ್ಲಿ. ದುಡ್ಡು ಲೆಕ್ಕ ಹಾಕಿ ಖರ್ಚು ಮಾಡಬೇಕಾದವರು ಮೊದಲು ಒಳ್ಳೆಯ ಬೂಟು ಕೊಳ್ಳಿ, ಎಂಟು ಗಂಟೆ ಮಲಗಿ, ಊಟಕ್ಕೆ ಬೇಳೆ, ಮೊಟ್ಟೆ, ಶೇಂಗಾ ಸೇರಿಸಿ. ಅವು ಮೂರೂ ಇರುವವರಿಗೆ ಮಸಾಜ್ ನಾಲ್ಕನೆಯದು.

ಮನೆಯಲ್ಲಿ ನಾನೇ ಮಾಡಿಕೊಳ್ಳಬಹುದೇ? ರೋಲರ್, ಮಸಾಜ್ ಗನ್ ಎಲ್ಲ ಕೊಳ್ಳಬೇಕೇ?

ಕೊಳ್ಳಲೇಬೇಕೆಂದಿಲ್ಲ. ಅಡುಗೆಮನೆಯ ಲಟ್ಟಣಿಗೆಯಿಂದ ಮೀನಖಂಡ ಮತ್ತು ತೊಡೆಯನ್ನು ಚೆನ್ನಾಗಿ ಉರುಳಿಸಬಹುದು (ಅದಕ್ಕೆಂದೇ ಬೇರೆಯದೊಂದನ್ನು ಇಟ್ಟುಕೊಳ್ಳಿ). ಬೆನ್ನಿಗೆ ಮತ್ತು ಪೃಷ್ಠಕ್ಕೆ ಒಂದು ಟೆನಿಸ್ ಚೆಂಡನ್ನು ಕಾಲುಚೀಲದೊಳಗೆ ಹಾಕಿ, ಗೋಡೆಗೂ ಮೈಗೂ ನಡುವೆ ಇಟ್ಟು ಒರಗಿ. ಕ್ರಿಕೆಟ್ ಚೆಂಡು ಬೇಡ, ಅತಿ ಗಡಸು. ಅಂಗಾಲಿಗೆ ನೀರು ತುಂಬಿ ಫ್ರಿಜ್ಜಿನಲ್ಲಿಟ್ಟ ಬಾಟಲಿ ಹಿತವಾಗಿರುತ್ತದೆ. ಒಂದು ಜಾಗಕ್ಕೆ ಒಂದರಿಂದ ಎರಡು ನಿಮಿಷ, ನಿಧಾನವಾಗಿ ಉಸಿರಾಡುತ್ತಾ, ಪಾದದ ಕಡೆಯಿಂದ ಮೇಲಕ್ಕೆ.

ರೋಲರ್ ಬಳಸಿದ ಕೂಡಲೇ ಸಂದು ಸಡಿಲವಾಗುತ್ತದೆ, ಆದರೆ ಆ ಸಡಿಲ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಅಭ್ಯಾಸಕ್ಕೆ ಸ್ವಲ್ಪ ಮೊದಲು ಮಾಡಿದರೆ ಉಪಯೋಗ. ಮಸಾಜ್ ಗನ್ ಇದ್ದರೆ ಕಡಿಮೆ ವೇಗದಲ್ಲಿ, ದಪ್ಪ ಸ್ನಾಯುವಿನ ಮೇಲೆ ಮಾತ್ರ. ಕತ್ತಿನ ಮುಂಭಾಗ ಮತ್ತು ಪಕ್ಕ, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಬದಿ ಇಲ್ಲೆಲ್ಲ ರಕ್ತನಾಳ, ನರಗಳು ಮೇಲೆಯೇ ಇರುತ್ತವೆ. ಬೆನ್ನುಹುರಿ ಮತ್ತು ಎಲುಬಿನ ಮೇಲೂ ಅದನ್ನು ಇಡಬಾರದು.

ಮಗಳು ಖೋಖೋ ಆಡುತ್ತಾಳೆ. ಹೆಣ್ಣುಮಕ್ಕಳನ್ನು ಕಳುಹಿಸಲು ಹಿಂಜರಿಕೆ.

ನಿಮ್ಮ ಹಿಂಜರಿಕೆ ಸಹಜ. ಮಹಿಳಾ ಫಿಸಿಯೋಥೆರಪಿಸ್ಟ್ ಬೇಕು ಎಂದು ಮೊದಲೇ ಕೇಳಿ. ನೀವೂ ಕೋಣೆಯೊಳಗೆ ಇರಬಹುದು, ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ. ಮಸಾಜ್ ಮಾಡುವ ಜಾಗವನ್ನು ಮಾತ್ರ ತೆರೆದು ಉಳಿದ ಮೈಯನ್ನು ಚಾದರದಿಂದ ಮುಚ್ಚಬೇಕು. ಎಲ್ಲಿ ಮುಟ್ಟುತ್ತೇನೆ, ಯಾಕೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಬೇಡ ಎನಿಸಿದ ಕ್ಷಣ ಬೇಡ ಎನ್ನಬಹುದು ಎಂಬುದನ್ನು ಮಗಳಿಗೆ ಮನೆಯಲ್ಲಿಯೇ ಹೇಳಿ ಕಳುಹಿಸಿ. ಬೆಳೆಯುವ ಮಕ್ಕಳಿಗೆ ಹಗುರವಾದ ಒತ್ತಡ ಸಾಕು. ಹನ್ನೆರಡು ಹದಿನಾಲ್ಕು ವಯಸ್ಸಿನ ಮಗುವಿಗೆ ಒಂದೇ ಜಾಗದಲ್ಲಿ, ಅದೂ ಎಲುಬಿನ ಮೇಲೆ, ಪದೇ ಪದೇ ನೋವು ಬರುತ್ತಿದ್ದರೆ ಅದಕ್ಕೆ ಮಸಾಜ್ ಉತ್ತರವಲ್ಲ, ವೈದ್ಯರಿಗೆ ತೋರಿಸಬೇಕು.

ಮಸಾಜ್ ಆದ ಮೇಲೆ ತುಂಬಾ ನೀರು ಕುಡಿದರೆ ಮೈಯಲ್ಲಿನ ವಿಷ ಹೋಗುತ್ತದೆಯೇ?

ಮಸಾಜ್‌ನಿಂದ ಯಾವ ವಿಷವೂ ಬಿಡುಗಡೆಯಾಗುವುದಿಲ್ಲ. ಆ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು. ಬಾಯಾರಿದಷ್ಟು ಕುಡಿಯಿರಿ. ಮಲಗಿದ್ದವರು ತಟ್ಟನೆ ಎದ್ದರೆ ತಲೆ ಸುತ್ತಬಹುದು, ಒಂದೆರಡು ನಿಮಿಷ ಕುಳಿತು ಏಳಿ.

## ಮುಟ್ಟಬಾರದ ಹೊತ್ತು

ಈಗಷ್ಟೇ ಪೆಟ್ಟಾಗಿದೆ, ಉಳುಕಿದೆ. ಬಿಸಿ ಎಣ್ಣೆ ಹಚ್ಚಿ ತಿಕ್ಕಿಸಲೇ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಎದುರಾಳಿಯ ಮೊಣಕಾಲು ನನ್ನ ತೊಡೆಗೆ ಬಲವಾಗಿ ಬಡಿಯಿತು. ಸಂಜೆಯ ಹೊತ್ತಿಗೆ ತೊಡೆ ಊದಿ ಕಲ್ಲಿನಂತಾಯಿತು. ಪರಿಚಿತರೊಬ್ಬರು ಪ್ರೀತಿಯಿಂದಲೇ ಬಿಸಿ ಎಣ್ಣೆ ತಂದು ಅರ್ಧ ಗಂಟೆ ತಿಕ್ಕಿದರು. ಗಟ್ಟಿಯಾದದ್ದು ಕರಗಬೇಕು ಎಂದು ಮರುದಿನವೂ ತಿಕ್ಕಿದರು. ಗಡ್ಡೆ ಕರಗಲಿಲ್ಲ, ಬೆಳೆಯಿತು. ತಿಂಗಳಾದ ಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಸ್ನಾಯುವಿನೊಳಗೆ ಎಲುಬು ಹುಟ್ಟಿದ್ದು ಕಂಡಿತು. ವೈದ್ಯರು ಇದನ್ನು ಮಯೋಸೈಟಿಸ್ ಆಸಿಫಿಕನ್ಸ್ ಎನ್ನುತ್ತಾರೆ. ಸ್ನಾಯುವಿನಲ್ಲಿ ರಕ್ತ ಸೋರಿ ಹೆಪ್ಪುಗಟ್ಟಿದ ಜಾಗವನ್ನು ಬೇಗನೆ ಗಟ್ಟಿಯಾಗಿ ತಿಕ್ಕಿದರೆ ಅದರ ಅಪಾಯ ಹೆಚ್ಚುತ್ತದೆ. ಒಂದು ವರ್ಷ ನನಗೆ ಮೊಣಕಾಲು ಪೂರ್ತಿ ಮಡಚಲಾಗಲಿಲ್ಲ. ನಾನು ಈ ವೃತ್ತಿಗೆ ಬರಲು ಅದೇ ಕಾರಣ.

ಆದ್ದರಿಂದ ಮೊದಲ ಮೂರು ದಿನ ಪೆಟ್ಟಾದ ಜಾಗಕ್ಕೆ ಮಸಾಜ್ ಬೇಡ, ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಿ, ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ಪಾದ ಉಳುಕಿದಾಗ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಎಲುಬನ್ನೇ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಲೇಬೇಕು. ಎಲುಬು ಮುರಿದಿದೆಯೋ ಇಲ್ಲವೋ ತಿಳಿಯದೆ ಎಳೆದು ಕೂಡಿಸುವವರ ಬಳಿಗೆ ಹೋಗಬೇಡಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಯಾರು ಮಸಾಜ್ ಮಾಡಿಸಿಕೊಳ್ಳಲೇಬಾರದು?

ಜ್ವರ ಇದ್ದಾಗ ಬೇಡ. ಹುಣ್ಣು, ಕಜ್ಜಿ, ತೆರೆದ ಗಾಯದ ಮೇಲೆ ಬೇಡ. ಅಖಾಡದ ಮಣ್ಣಿನಲ್ಲಿ ಆಡುವವರಿಗೆ ಹುಳುಕಡ್ಡಿ ಸಾಮಾನ್ಯ, ಅದರ ಮೇಲೆ ತಿಕ್ಕಿದರೆ ಮೈಗೆಲ್ಲ ಹರಡುತ್ತದೆ, ತಿಕ್ಕಿದವರಿಗೂ ಅಂಟುತ್ತದೆ. ಉಬ್ಬಿ ಗಂಟುಗಟ್ಟಿದ ನೀಲಿ ನರಗಳ ಮೇಲೆ ಒತ್ತಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳಿಯೇ ಬರಬೇಕು.

ಎಲ್ಲಕ್ಕಿಂತ ಅಪಾಯದ್ದು ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಶಸ್ತ್ರಚಿಕಿತ್ಸೆಯಾಗಿ ಮಲಗಿ ಎದ್ದ ಮೇಲೆ, ಕಾಲಿಗೆ ಪ್ಲಾಸ್ಟರ್ ಹಾಕಿ ಬಿಚ್ಚಿದ ಮೇಲೆ, ಬಹಳ ದೂರದ ಪ್ರಯಾಣದ ಮೇಲೆ ಒಂದೇ ಕಾಲು ಊದಿ, ಬೆಚ್ಚಗಾಗಿ, ಮೀನಖಂಡ ನೋಯತೊಡಗಿದರೆ ಅದನ್ನು ಸ್ನಾಯುನೋವು ಎಂದು ತಿಕ್ಕಿಸಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದೇ ದಿನ ಆಸ್ಪತ್ರೆಗೆ ಹೋಗಿ.

ಆಡುವಾಗ ಮೀನಖಂಡ ಹಿಡಿದುಕೊಂಡರೆ ಕೂಡಲೇ ತಿಕ್ಕಬಹುದೇ?

ಮೊದಲು ಹಿಗ್ಗಿಸಿ, ಆಮೇಲೆ ತಿಕ್ಕಿ. ಕುಳಿತು ಕಾಲು ನೀಡಿ, ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದು ಅರ್ಧ ನಿಮಿಷ ಹಿಡಿದರೆ ಸೆಳೆತ ಬಿಡುತ್ತದೆ. ನಂತರ ಹಗುರವಾಗಿ ನೀವಬಹುದು. ಬೇಸಿಗೆಯಲ್ಲಾದರೆ ನೆರಳಿಗೆ ಬಂದು ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ.

ಆಟಗಾರನ ಮಾತು ತೊದಲಿದರೆ, ದಿಕ್ಕು ತೋಚದಂತಾದರೆ, ವಾಂತಿಯಾಗಿ ಮೈ ಕಾದರೆ ಅದು ಬಿಸಿಲಾಘಾತ. ತಿಕ್ಕುತ್ತಾ ಕೂರಬೇಡಿ. ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಅತಿಯಾಗಿ ದಣಿದ ಮರುದಿನ ಸ್ನಾಯುಗಳು ಊದಿ, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೂ ಮಸಾಜ್ ಬೇಡ. ಸ್ನಾಯು ಒಡೆದು ಅದರ ದ್ರವ್ಯ ಮೂತ್ರಪಿಂಡಕ್ಕೆ ಹೊರೆಯಾಗುತ್ತಿರುವ ಲಕ್ಷಣ ಅದು.

ಅಪ್ಪನಿಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ದಿನಾ ಐದು ಕಿಲೋಮೀಟರ್ ನಡೆಯುತ್ತಾರೆ. ಅವರಿಗೆ ಮಾಡಿಸಬಹುದೇ?

ಮಾಡಿಸಬಹುದು, ಹಗುರವಾಗಿ. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ. ‘ನೋಯುತ್ತಿದೆ’ ಎಂದು ಅವರು ಹೇಳದಿರುವುದು ನೋಯುತ್ತಿಲ್ಲ ಎಂಬುದಕ್ಕೆ ಪುರಾವೆಯಾಗದು. ಮೊದಲು ಬೆರಳುಸಂದು, ಅಂಗಾಲುಗಳಲ್ಲಿ ಗಾಯವಿದೆಯೇ ನೋಡಿ. ಇನ್ಸುಲಿನ್ ಚುಚ್ಚಿದ ಜಾಗವನ್ನು ಆ ಹೊತ್ತಿಗೆ ತಿಕ್ಕಬೇಡಿ, ಔಷಧ ಬೇಗ ರಕ್ತಕ್ಕೆ ಸೇರಿ ಸಕ್ಕರೆ ತಟ್ಟನೆ ಇಳಿಯಬಹುದು.

## ಹಳೆಯ ಆಟಗಾರರ ಪ್ರಶ್ನೆಗಳು

ಭುಜದಲ್ಲಿ ಗಂಟುಗಳಿವೆ. ಅವನ್ನು ಒಡೆದು ಹಾಕಬಹುದೇ?

ಕೈಗೆ ಗಂಟಿನಂತೆ ಸಿಗುವುದು ನಿಜ, ಒತ್ತಿದರೆ ನೋವು ಬೇರೆಡೆಗೆ ಹರಿಯುವುದೂ ನಿಜ. ಆದರೆ ಅಲ್ಲಿ ಹಗ್ಗದ ಗಂಟಿನಂತೆ ಒಡೆಯುವ ವಸ್ತು ಏನೂ ಇಲ್ಲ. ಆ ಜಾಗ ಹೆಚ್ಚು ಸೂಕ್ಷ್ಮವಾಗಿದೆ, ಸ್ನಾಯು ಅಲ್ಲಿ ಸೆಟೆದಿದೆ. ಮೂವತ್ತರಿಂದ ತೊಂಬತ್ತು ಸೆಕೆಂಡು ಸಮನಾದ ಒತ್ತಡ ಕೊಟ್ಟರೆ ನರಮಂಡಲ ಆ ಬಿಗಿಯನ್ನು ಬಿಡುತ್ತದೆ. ಮರ್ದಿಸಿ ಒಡೆಯುತ್ತೇನೆ ಎನ್ನುವವರು ಚರ್ಮ ಕೆಂಪಾಗಿಸಿ ಕಳುಹಿಸುತ್ತಾರೆ, ವಾರದಲ್ಲಿ ಗಂಟು ಮತ್ತೆ ಅಲ್ಲಿಯೇ ಇರುತ್ತದೆ. ಹೊಲಿಗೆ ಯಂತ್ರದ ಎತ್ತರ ಬದಲಿಸದೆ, ಭುಜಕ್ಕೆ ಬಲ ಬರುವ ವ್ಯಾಯಾಮ ಮಾಡದೆ ಅದು ಹೋಗುವುದಿಲ್ಲ.

ಓಡುವಾಗ ಮೊಣಕಾಲಿನ ಹೊರಬದಿ ನೋಯುತ್ತದೆ. ತೊಡೆಯ ಹೊರಗಿನ ಪಟ್ಟಿಯನ್ನು ರೋಲರಿನಲ್ಲಿ ಉರುಳಿಸುತ್ತಿದ್ದೇನೆ, ಕಡಿಮೆಯಾಗುತ್ತಿಲ್ಲ.

ಆ ಪಟ್ಟಿ ಸ್ನಾಯುವಲ್ಲ. ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಇಳಿಯುವ ಬಲವಾದ ನಾರಿನ ಪಟ್ಟಿ ಅದು, ಐಟಿ ಬ್ಯಾಂಡ್ ಎನ್ನುತ್ತಾರೆ. ಕೈಯಿಂದಾಗಲಿ ರೋಲರಿನಿಂದಾಗಲಿ ಅದನ್ನು ಉದ್ದ ಮಾಡಲಾಗದು. ಅದನ್ನು ಮೇಲಿನಿಂದ ಎಳೆದು ಹಿಡಿಯುವ ಸ್ನಾಯುಗಳು ಸೊಂಟದ ಬದಿಯಲ್ಲಿ, ಪೃಷ್ಠದಲ್ಲಿ ಇವೆ. ಮಸಾಜ್ ಅಲ್ಲಿ ಮಾಡಿಸಿ. ಎರಡು ವಾರ ಓಟದ ದೂರ ಇಳಿಸಿ, ಇಳಿಜಾರು ಬಿಟ್ಟು ಓಡಿ. ಒಂದು ಮಗ್ಗುಲಿಗೆ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತಿ ಇಳಿಸುವ ವ್ಯಾಯಾಮವನ್ನು ದಿನಾ ಮಾಡಿ. ಕೋಟೆ ಗುಡ್ಡದ ಮೆಟ್ಟಿಲು ಇಳಿಯುವವರಲ್ಲಿ ಈ ನೋವನ್ನು ನಾನು ಹೆಚ್ಚು ಕಾಣುತ್ತೇನೆ.

ಹಿಮ್ಮಡಿಯ ಮೇಲಿನ ರಜ್ಜು ಆರು ತಿಂಗಳಿಂದ ನೋಯುತ್ತಿದೆ. ಎಷ್ಟು ಮಸಾಜ್ ಮಾಡಿಸಿದರೆ ವಾಸಿಯಾಗುತ್ತದೆ?

ಮಸಾಜ್ ಒಂದರಿಂದ ವಾಸಿಯಾಗುವುದಿಲ್ಲ. ಮೀನಖಂಡ ನೀವಿಸಿಕೊಂಡರೆ ಎರಡು ದಿನ ಹಾಯೆನಿಸುತ್ತದೆ, ಆದರೆ ಸೊರಗಿದ ರಜ್ಜು ಬಲಗೊಳ್ಳುವುದು ಭಾರ ಹೊತ್ತಾಗ ಮಾತ್ರ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ಒಳ್ಳೆಯ ಕಾಲಿನ ನೆರವಿನಿಂದ ಮೇಲೇರಿ, ನೋವಿರುವ ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು. ಮೊಣಕಾಲು ನೇರವಾಗಿಟ್ಟು 15ರಂತೆ 3 ಸುತ್ತು, ಸ್ವಲ್ಪ ಮಡಚಿ ಮತ್ತೆ 3 ಸುತ್ತು, ದಿನಕ್ಕೆ ಎರಡು ಹೊತ್ತು, 12 ವಾರ. ದಿನಕ್ಕೆ 180 ಸಲ ಆಗುತ್ತದೆ. ಬೇಸರದ ಕೆಲಸ, ಆದರೆ ಇದನ್ನು ಪಟ್ಟುಹಿಡಿದು ಮಾಡಿ ಮತ್ತೆ ಓಡಿದವರು ನನ್ನ ಕಣ್ಣೆದುರಿಗೇ ಇದ್ದಾರೆ. ಎಷ್ಟು ನೋವಿನವರೆಗೆ ಮುಂದುವರಿಯಬಹುದು ಎಂಬುದನ್ನು ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆ ಕೇಳಿಕೊಂಡು ಆರಂಭಿಸಿ.

ಆನೆಗೊಂದಿ, ಸಾಣಾಪುರದ ಕಡೆ ಬಂಡೆ ಹತ್ತುತ್ತೇನೆ. ಮುಂಗೈ ಕಲ್ಲಾಗುತ್ತದೆ.

ಕೈ ಎತ್ತಿ ಹಿಡಿದು, ಮಣಿಕಟ್ಟಿನಿಂದ ಮೊಣಕೈ ಕಡೆಗೆ ನೀವಿಕೊಳ್ಳಿ. ಏರುವ ನಡುವೆ ಎರಡು ಮೂರು ನಿಮಿಷ ಬಿಡುವು ಕೊಡಿ. ಬೆರಳಿನ ಬುಡದಲ್ಲಿ ಟಪ್ಪೆಂದು ಸದ್ದಾಗಿ ಊದಿದರೆ ಬೆರಳಿನ ರಜ್ಜನ್ನು ಹಿಡಿದಿಡುವ ಪಟ್ಟಿ ಹರಿದಿರಬಹುದು. ಆ ದಿನವೇ ಹತ್ತುವುದನ್ನು ನಿಲ್ಲಿಸಿ, ತಿಕ್ಕಬೇಡಿ.

ದೊಡ್ಡ ಆಟಗಾರರಿಗೆ ದಿನವೂ ಮಸಾಜ್ ಇರುತ್ತದೆಯಂತೆ. ಇಲ್ಲದಿದ್ದರೆ ನಾವು ಹಿಂದೆ ಬೀಳುತ್ತೇವೆಯೇ?

ನಮ್ಮ ಜಿಲ್ಲೆಯ ತೋರಣಗಲ್ಲಿನ ವಿದ್ಯಾನಗರದಲ್ಲಿ 2018ರಿಂದ ನಡೆಯುತ್ತಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇರುವುದರಿಂದ ಈ ಪ್ರಶ್ನೆ ಇಲ್ಲಿ ಹೆಚ್ಚು ಬರುತ್ತದೆ. ನೀರಜ್ ಚೋಪ್ರಾ ಅವರೂ ಅಲ್ಲಿ ತರಬೇತಿ ಪಡೆದವರು. ಅಂಥ ಕಡೆ ತರಬೇತುದಾರರು, ಆಹಾರ ತಜ್ಞರು, ಫಿಸಿಯೋಗಳು ಒಟ್ಟಿಗೆ ಇರುತ್ತಾರೆ. ಆ ದೊಡ್ಡ ವ್ಯವಸ್ಥೆಯಲ್ಲಿ ಮಸಾಜ್ ಒಂದು ಸಣ್ಣ ಭಾಗ. ಅದೊಂದನ್ನೇ ಎತ್ತಿಕೊಂಡು ನಕಲು ಮಾಡಿದರೆ ಫಲ ಸಿಗದು. ನೀವು ಹಿಂದೆ ಬೀಳುವುದಾದರೆ ಸರಿಯಾದ ಅಭ್ಯಾಸಕ್ರಮ ಇಲ್ಲದೆ, ನಿದ್ರೆ ಇಲ್ಲದೆ, ಪೆಟ್ಟಿನ ಮೇಲೆ ಆಡಿ ಬೀಳುತ್ತೀರಿ.

ನನಗೆ ಉಪಯೋಗ ಆಗುತ್ತಿದೆಯೋ ಇಲ್ಲವೋ ಎಂದು ಹೇಗೆ ತಿಳಿಯುವುದು?

ಒಂದು ನೋಟುಪುಸ್ತಕ ಇಡಿ. ಮಸಾಜಿಗೆ ಮೊದಲು ಮತ್ತು ಮರುದಿನ ಬೆಳಿಗ್ಗೆ ನಾಲ್ಕು ಸಂಗತಿ ಬರೆಯಿರಿ. ಹತ್ತಕ್ಕೆ ಎಷ್ಟು ನೋವು. ಒಂಟಿ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಲು ಎಷ್ಟು ಸಲ ಸಾಧ್ಯ. ಗೋಡೆಗೆ ಮೊಣಕಾಲು ತಾಗುವಂತೆ, ಹಿಮ್ಮಡಿ ನೆಲ ಬಿಡದಂತೆ ಪಾದವನ್ನು ಗೋಡೆಯಿಂದ ಎಷ್ಟು ಬೆರಳು ದೂರ ಇಡಬಹುದು. ರಾತ್ರಿ ಎಷ್ಟು ಗಂಟೆ ಮಲಗಿದಿರಿ.

ಮೂರು ಸಲ ಮಾಡಿಸಿಕೊಂಡ ಮೇಲೂ ಈ ನಾಲ್ಕರಲ್ಲಿ ಒಂದೂ ಕದಲದಿದ್ದರೆ ನಾಲ್ಕನೆಯ ಸಲಕ್ಕೆ ದುಡ್ಡು ಕೊಡಬೇಡಿ. ಆ ಪುಸ್ತಕವನ್ನು ತೆಗೆದುಕೊಂಡು ಬನ್ನಿ, ನೋವಿನ ಮೂಲ ಎಲ್ಲಿದೆ ಎಂದು ಮೊದಲಿನಿಂದ ನೋಡೋಣ.